ಗಣಿತ ಬಿಡ್ಲಾ, ಚಿಕ್ಕಿ?

ಡೊಂಬಿವಲಿಯ ಅಕ್ಕನ ಮನೆಯಲ್ಲಿ ಹನ್ನೊಂದನೇ ತರಗತಿಯ ಆನ್‌ಲೈನ್ ಅರ್ಜಿ ಅರ್ಧಕ್ಕೇ ನಿಂತಿತ್ತು. ಮಗಳು ಕಾಮರ್ಸ್ ತಗೊಳ್ಳುವುದು ಖಚಿತ. ಮಹಾರಾಷ್ಟ್ರ ಬೋರ್ಡಿನ ಕಾಮರ್ಸಿನಲ್ಲಿ ಗಣಿತ ಕಡ್ಡಾಯವಲ್ಲ. ಬದಲಿಗೆ ಎಸ್‌ಪಿ, ಅಂದರೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್, ಆರಿಸಿಕೊಳ್ಳಬಹುದು.

"ಎಸ್‌ಪಿಯಲ್ಲಿ ಮಾರ್ಕ್ಸ್ ಸಲೀಸು. ನನ್ನ ಫ್ರೆಂಡ್ಸೆಲ್ಲ ಅದನ್ನೇ ತಗೋತಿದ್ದಾರೆ. ಗಣಿತ ಬಿಡ್ಲಾ, ಚಿಕ್ಕಿ?"

ಅವಳಿಗೆ ಬೇಕಿರುವುದು ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್. 2022ರಿಂದ ಅಲ್ಲಿ ಸೀಟು ಸಿಗುವುದು ಸಿಯುಇಟಿ ಅಂಕದ ಮೇಲೆ. ಆ ಕೋರ್ಸಿಗೆ ಸಿಯುಇಟಿಯಲ್ಲಿ ಗಣಿತ ಬರೆಯಲೇಬೇಕು. ಎಸ್‌ಪಿಯಲ್ಲಿ ಎಷ್ಟೇ ಅಂಕ ಬರಲಿ, ಆ ಬಾಗಿಲು ತೆರೆಯುವುದಿಲ್ಲ.

ನಾನೂ ಹದಿನಾರಕ್ಕೆ ಗಣಿತ ಬಿಟ್ಟವಳು. ಭಾಷಾಶಾಸ್ತ್ರದಲ್ಲಿ ಎಂಎ ಮುಗಿಸಿ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್ ಓದೋಣವೆಂದು ಹೊರಟಾಗ ಸಂಭವನೀಯತೆಯ ಮೊದಲ ಸೂತ್ರದಲ್ಲೇ ಎಡವಿದೆ. ಅನುವಾದ ನನಗೆ ಇಷ್ಟದ ಕೆಲಸವೇ. ಆದರೆ ಅದು ಆರಿಸಿಕೊಂಡದ್ದಲ್ಲ, ಉಳಿದದ್ದು. ಇದನ್ನು ಅಕ್ಕನಿಗೂ ಹೇಳಿರಲಿಲ್ಲ. ಅವತ್ತು ಹೇಳಿದೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗಣಿತದಲ್ಲೇ ಫೇಲಾದರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕ ಕಾಮರ್ಸಿಗೆ ಗಣಿತ ಕಲಿಸುವ ಕಾಲೇಜು ಹುಡುಕತೊಡಗಿದಳು. ಅವಳಿಗೆ ಹಿಡಿಸಿದ್ದು ಥಾಣೆಯಲ್ಲಿತ್ತು. ಅಂದರೆ ದಿನಾ ಬೆಳಗಿನ ಲೋಕಲ್, ಆ ನೂಕುನುಗ್ಗಲು.

"ನಾಳೆ ಏಳರ ಟ್ರೇನ್ ಹತ್ತಿ ನೋಡ್ತೀನಿ," ಎಂದಳು ಹುಡುಗಿ, "ಆಮೇಲೆ ಫಾರ್ಮ್ ತುಂಬೋಣ."