ಮಾಗಿಯ ಒಂದು ಹಗಲು, ಮೂರು ಊರು

ಬೆಳಗಿನ ಆರೂವರೆ. ಮಂಡ್ಯದ ಹೊರವಲಯದ ಕಬ್ಬಿನ ಗದ್ದೆಗಳ ಮೇಲೆ ಮಂಜು ಇನ್ನೂ ಕದಲಿಲ್ಲ. ಧನುರ್ಮಾಸದ ಪೂಜೆ ಮುಗಿಸಿ ಬಂದವರ ಕೈಯ ದೊನ್ನೆಯಲ್ಲಿ ಹುಗ್ಗಿ ಹಬೆಯಾಡುತ್ತಿದೆ. ಡೇರಿಗೆ ಹಾಲು ಹಾಕಲು ಹೊರಟ ಹೆಂಗಸರು ಸೆರಗನ್ನು ಕಿವಿಗೆ ಬಿಗಿದುಕೊಂಡಿದ್ದಾರೆ. ತಾರೀಖು ಡಿಸೆಂಬರ್ 23. ಕ್ರಿಸ್‌ಮಸ್‌ಗೆ ಇನ್ನೆರಡೇ ದಿನ. ಸೂರ್ಯ ಮುಖ ತೋರಿಸುವುದು 6.40ರ ಸುಮಾರಿಗೆ.

ವರ್ಷದ ಅತಿ ಚಿಕ್ಕ ಹಗಲು ಆಗಷ್ಟೇ ಕಳೆದಿದೆ. ಮಂಡ್ಯದಲ್ಲಿ ಆ ಹಗಲಿನ ಅಳತೆ 11 ಗಂಟೆ 23 ನಿಮಿಷದಷ್ಟು. ಇನ್ನು ಮೇಲೆ ಹಗಲು ಬೆಳೆಯುತ್ತದೆ, ಆದ್ದರಿಂದ ಸೂರ್ಯನೂ ಬೇಗ ಹುಟ್ಟುತ್ತಾನೆ ಎಂದು ಯಾರಾದರೂ ಭಾವಿಸಿದರೆ ತಪ್ಪೇನಲ್ಲ, ಆದರೆ ನಿಜವಲ್ಲ! ಜನವರಿಯ ಕೊನೆಯ ವಾರದವರೆಗೂ ಇಲ್ಲಿ ಸೂರ್ಯೋದಯ ತಡವಾಗುತ್ತಲೇ ಹೋಗುತ್ತದೆ. ಬೆಳೆಯುವುದೆಲ್ಲ ಸಂಜೆಯ ಕಡೆಗೆ. ಭೂಮಿಯ ಅಕ್ಷ ವಾಲಿರುವುದು ಒಂದು ಕಾರಣ. ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬಂದು ಜೋರಾಗಿ ಓಡುವುದು ಇನ್ನೊಂದು. ಇವೆರಡೂ ಸೇರಿ ನಡುಹಗಲನ್ನೇ ದಿನಕ್ಕೆ ಅರ್ಧ ನಿಮಿಷದಷ್ಟು ಮುಂದಕ್ಕೆ ತಳ್ಳುತ್ತವೆ. ಶಾಲೆಯ ಅಂಗಳದಲ್ಲಿ ಒಂದು ಮೀಟರಿನ ಕೋಲನ್ನು ನೆಟ್ಟಗೆ ನೆಟ್ಟು ನೋಡಬಹುದು. ಈ ದಿನ ಅತಿ ಗಿಡ್ಡ ನೆರಳು ಬೀಳುವುದು ಹನ್ನೆರಡಕ್ಕಲ್ಲ, 12.20ರ ಆಸುಪಾಸಿಗೆ, ಅದರ ಉದ್ದ ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ.

ಡಿಸೆಂಬರ್ 23ಕ್ಕೆ ಇನ್ನೊಂದು ಹೆಸರಿದೆ, ರೈತ ದಿನ. ಪ್ರಧಾನಿಯಾಗಿದ್ದ ಚೌಧರಿ ಚರಣ್ ಸಿಂಗ್ ಹುಟ್ಟಿದ್ದು 1902ರ ಈ ತಾರೀಖಿನಂದು. ಮಂಡ್ಯದ ಆಲೆಮನೆಯಲ್ಲಿ ಮಾತ್ರ ಅದರ ಸುಳಿವಿಲ್ಲ. ಅಲ್ಲಿ ಗಾಣ ತಿರುಗುತ್ತಿದೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ, ಒಲೆಗೆ ಒಣಗಿದ ರಚ್ಚು ತುಂಬುತ್ತಿದ್ದಾರೆ. ಅಚ್ಚು, ಕುರಿಕಾಲಚ್ಚು, ಬಕೆಟ್ ಎಂದು ಬೆಲ್ಲಕ್ಕೆ ಇಲ್ಲಿನ ಮಾರುಕಟ್ಟೆಯಲ್ಲಿ ಹಲವು ಹೆಸರು. ಕೆಲಸಗಾರರ ಮಾತಿಗೆ ಕಿವಿಗೊಟ್ಟರೆ ಎಷ್ಟೋ ಕಡೆ ಕೇಳಿಸುವುದು ಹಿಂದಿ. ಚರಣ್ ಸಿಂಗರ ಉತ್ತರ ಪ್ರದೇಶದ ಕಬ್ಬಿನ ಸೀಮೆಯಿಂದಲೇ ಬಂದವರು ಅವರು. ಊರಿನ ಹುಡುಗರು ಬೆಂಗಳೂರಿಗೆ ಹೋದರು, ಅವರ ಜಾಗಕ್ಕೆ ಇವರು ಬಂದರು. ಬಣ್ಣ ಬರಲೆಂದು ಬೆಲ್ಲಕ್ಕೆ ರಾಸಾಯನಿಕ ಹಾಕುವವರಿದ್ದಾರೆ. ಕೊಳ್ಳುವವರು ಹಳದಿಯನ್ನೇ ಕೇಳುವವರೆಗೆ ತಪ್ಪನ್ನು ಆಲೆಮನೆಯವರ ಮೇಲೆ ಮಾತ್ರ ಹೊರಿಸುವುದು ಸರಿಯಲ್ಲ. ಅಪ್ಪಟ ಬೆಲ್ಲದ ಬಣ್ಣ ಕಂದು.

ಈ ನೆಲ ಮೊದಲಿನಿಂದಲೂ ಹಸಿರಾಗಿರಲಿಲ್ಲ. ಕನ್ನಂಬಾಡಿ ಕಟ್ಟೆ ಎದ್ದು, ನಾಲೆಯಲ್ಲಿ ನೀರು ಹರಿದ ಮೇಲೆ ಕಬ್ಬು ಬಂತು. 1933ರಲ್ಲಿ ಮೈಷುಗರ್ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಹಲವು ವರ್ಷ ನಿಂತಿದ್ದ ಅದೇ ಕಾರ್ಖಾನೆ ಮತ್ತೆ ಕಬ್ಬು ಅರೆದದ್ದು 2022ರಲ್ಲಿ. ಊರಾಚೆಯ ವಿ.ಸಿ. ಫಾರಂನಲ್ಲಿ ಇನ್ನೊಂದು ಕಥೆಯಿದೆ. ರಾಗಿಯ ಹೂವು ಸಾಸಿವೆಗಿಂತ ಸಣ್ಣದು, ಅರಳುವುದು ನಡುರಾತ್ರಿ ಕಳೆದ ಮೇಲೆ. ಅಂಥ ಹೂವಿನಲ್ಲಿ ಭಾರತದ ತಳಿಯನ್ನೂ ಆಫ್ರಿಕದ ತಳಿಯನ್ನೂ ಕೂಡಿಸಿದವರು 'ರಾಗಿ ಲಕ್ಷ್ಮಣಯ್ಯ' (1921–1993). ಇಂಡಿಯಾದ 'ಇಂಡ್', ಆಫ್ರಿಕದ 'ಆಫ್' ಸೇರಿ ತಳಿಯ ಹೆಸರು 'ಇಂಡಾಫ್' ಆಯಿತು. ಈ ತಿಂಗಳಲ್ಲಿ ಹಿತಕಿದ ಅವರೆಬೇಳೆ ಸಾರಿಗೆ ಮುದ್ದೆ ಮುರಿಯುವ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕಾದ್ದು ನ್ಯಾಯ.

ಮಂಡ್ಯದಿಂದ ಮದ್ದೂರಿಗೆ ಇಪ್ಪತ್ತು ಕಿಲೋಮೀಟರ್. 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಎರಡೂ ಊರುಗಳನ್ನು ಪಕ್ಕಕ್ಕೆ ಬಿಟ್ಟು ಹೋಗಿದೆ. ಬೆಂಗಳೂರಿನವರಿಗೆ ಸಮಯ ಉಳಿಯಿತು. ಹಳೆಯ ರಸ್ತೆಯ ವಡೆಯ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದರು. ರೈಲು ನಿಲ್ದಾಣದ ಉಪಾಹಾರದ ಕೋಣೆಯಲ್ಲಿ 1917ರಲ್ಲಿ ಹುಟ್ಟಿತೆಂದು ಹೇಳುವ ಮದ್ದೂರು ವಡೆಯನ್ನು ಅಕ್ಕಿಹಿಟ್ಟು, ಮೈದಾ, ರವೆ, ಈರುಳ್ಳಿಗಳಿಂದ ಮಾಡುತ್ತಾರೆ. ರೈಲು ಬಂದೇಬಿಟ್ಟಿತೆಂಬ ಗಡಿಬಿಡಿಯಲ್ಲಿ ಪಕೋಡದ ಹಿಟ್ಟನ್ನು ತಟ್ಟಿ ಕರಿದರಂತೆ. ಕಥೆ ಹೇಗೇ ಇರಲಿ, ಚಳಿಗೆ ರುಚಿ ಹೆಚ್ಚು.

ಮದ್ದೂರು ತಾಲ್ಲೂಕಿನಲ್ಲಿ ಈ ದಿನಗಳಲ್ಲಿ ನೋಡಬೇಕಾದ ಊರು ಕೊಕ್ಕರೆಬೆಳ್ಳೂರು. ಬೆಂಗಳೂರಿನ ದಿಕ್ಕಿಗೆ ಹೊರಟು, ರುದ್ರಾಕ್ಷಿಪುರದ ಬಳಿ ತಿರುಗಿ ಹನ್ನೆರಡು ಕಿಲೋಮೀಟರ್ ಒಳಗೆ ಹೋದರೆ ಶಿಂಷಾ ನದಿಯ ಹತ್ತಿರ ಈ ಹಳ್ಳಿ. ಇಲ್ಲಿ ಪಕ್ಷಿಗಳನ್ನು ನೋಡಲು ದೋಣಿ ಬೇಡ, ಗೋಪುರ ಬೇಡ. ಮನೆಯ ಹಿತ್ತಿಲಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಸಂಸಾರ. ಮಾಗಿಯಲ್ಲಿ ಕಡ್ಡಿ ಕಚ್ಚಿ ತಂದು ಗೂಡು ಕಟ್ಟುತ್ತವೆ, ಮರಿಗೆ ರೆಕ್ಕೆ ಬಲಿತು ಬೇಸಿಗೆ ಮುಗಿಯುವ ಹೊತ್ತಿಗೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬುದು ಊರಿನವರ ಲೆಕ್ಕ. ಮಗಳನ್ನು ಯಾರಾದರೂ ಓಡಿಸುತ್ತಾರೆಯೇ?

ಆದರೆ ತವರಿಗೂ ಖರ್ಚಿದೆ. ಗೂಡುಗಳಿರುವ ಮರ ಹತ್ತಿ ಹುಣಸೆಹಣ್ಣು ಬಡಿಯುವಂತಿಲ್ಲ; ಫಸಲನ್ನು ಹಕ್ಕಿಗೇ ಬಿಡಬೇಕು. ಅರಣ್ಯ ಇಲಾಖೆಯ ಪರಿಹಾರ ಪೇಟೆಯ ಬೆಲೆಗೆ ಸಮವಲ್ಲ ಎಂಬುದು ಮರದ ಒಡೆಯರ ಹಳೆಯ ಅಳಲು. ಹಿಂದೆ ಮರದಡಿ ಗುಂಡಿ ತೋಡಿ, ಕೆರೆಯ ಗೋಡು ಹಾಕಿ, ಹಿಕ್ಕೆ ಬಿದ್ದ ಆ ಮಣ್ಣನ್ನು ಗದ್ದೆಗೆ ಗೊಬ್ಬರವಾಗಿ ಹೊರುತ್ತಿದ್ದರು. ಚೀಲದ ಗೊಬ್ಬರ ಬಂದ ಮೇಲೆ ಆ ಕೊಡುಕೊಳ್ಳುವಿಕೆ ಸಡಿಲವಾಯಿತು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಪಕ್ಷಿಪ್ರಿಯರ ಗಮನಕ್ಕೆ ತಂದರು. 1994ರಲ್ಲಿ ಹಳ್ಳಿಯ ಯುವಕರು ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕತೊಡಗಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹತ್ತು ವರ್ಷದ ನಂತರ ಇದೇ ಚಳಿಗಾಲದಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಹೊಟ್ಟೆಯಲ್ಲಿ ಸಿಕ್ಕಿದ್ದು ಹುಳು; ಮೀನಿನ ಮೂಲಕ ಬಂದದ್ದು. ಮರ ಉಳಿಸಿದರೆ ಸಾಲದು, ಕೆರೆಯ ನೀರೂ ಶುದ್ಧವಾಗಿರಬೇಕು ಎಂಬುದು ಆಗ ಕಣ್ಣಿಗೆ ಕಂಡಿತು. ಪ್ರವಾಸಕ್ಕೆ ಬರುವ ಶಾಲಾ ಮಕ್ಕಳು ಕೂಗಾಡದೆ ಮರದಡಿ ಹತ್ತು ನಿಮಿಷ ನಿಂತರೆ ಕೊಕ್ಕರೆಗಳು ಕೊಕ್ಕು ಕುಟ್ಟುವ ಟಕಟಕ ಸದ್ದು ಕೇಳಿಸುತ್ತದೆ.

ಮದ್ದೂರಿಗೆ ಮರಳಿ ಮಳವಳ್ಳಿಯ ದಾರಿ ಹಿಡಿದರೆ ಟಾರು ರಸ್ತೆಯೇ ಕಣ. ರಾಗಿ, ಹುರುಳಿಗಳನ್ನು ಅಡ್ಡಕ್ಕೆ ಹರಡಿದ್ದಾರೆ. ಬಸ್ಸು ಲಾರಿಗಳ ಗಾಲಿಯೇ ರೋಣಗಲ್ಲು. ಸ್ಕೂಟರಿನವರು ಜಾರಿ ಬೀಳುವುದೂ ಉಂಟು. ಈ ದಾರಿಯ ಹಳ್ಳಿಗಳು ನಾಲೆಯ ಕೊನೆಯ ಭಾಗದವು; ಮಳೆ ಕೈಕೊಟ್ಟ ವರ್ಷ ನೀರು ಮೊದಲು ತಪ್ಪುವುದು ಇವಕ್ಕೇ.

ಚರಣ್ ಸಿಂಗ್ ಹುಟ್ಟಿದ 1902ರಲ್ಲೇ, ಜೂನ್ 30ರಂದು, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ತಂತಿಯ ಉದ್ದ 92 ಮೈಲಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ಯಂತ್ರಗಳು ರೈಲಿನಲ್ಲಿ ಮದ್ದೂರಿಗೆ ಬಂದಿಳಿದು, ಎತ್ತು ಆನೆಗಳ ಬಲದಿಂದ ಇದೇ ದಾರಿಯಲ್ಲಿ ಸಾಗಿದ್ದವು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಹೋಗಿದ್ದರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳು ಸೀಮೆಎಣ್ಣೆಯ ಬುಡ್ಡಿಯಲ್ಲೇ ಇನ್ನೂ ಬಹಳ ವರ್ಷ ಕಳೆದವು.

ಡಿಸೆಂಬರಿನ ಗಗನಚುಕ್ಕಿ ಮಳೆಗಾಲದ್ದಲ್ಲ. ಬಂಡೆಗಳ ನಡುವೆ ಬಿಳಿ ದಾರದಂತೆ ಇಳಿಯುತ್ತದೆ. ಬಂಡೆ ಕಾಣುತ್ತದೆ ಎಂಬುದೇ ಅಪಾಯ. ಇಳಿಯೋಣವೆಂಬ ಆಸೆ ಹುಟ್ಟಿಸುತ್ತದೆ. ಕೆಳಗಿನ ಮುತ್ತತ್ತಿಯಲ್ಲೂ ಕಾವೇರಿ ಮೇಲೆ ಶಾಂತ, ಒಳಗೆ ಸುಳಿ. ಪ್ರವಾಸಕ್ಕೆಂದು ಬಂದು ಮನೆಗೆ ಮರಳದ ವಿದ್ಯಾರ್ಥಿಗಳು ಒಬ್ಬಿಬ್ಬರಲ್ಲ. ಈಜು ಬಲ್ಲವರೂ ಅದರಲ್ಲಿದ್ದರು. ಮಕ್ಕಳನ್ನು ಬಸ್ಸು ಹತ್ತಿಸುವಾಗ ತಿಂಡಿಯ ಡಬ್ಬಿಯ ಜೊತೆ ತಂದೆ ತಾಯಿ ಕೊಡಬೇಕಾದ ಮಾತು ಇದೊಂದೇ: ನೀರಿಗೆ ಇಳಿಯಬೇಡ.

ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮಳವಳ್ಳಿಯ ಬಸ್ ನಿಲ್ದಾಣದ ಬಳಿ ಕಡಲೆಕಾಯಿ ಹುರಿಯುವ ಬಾಣಲೆಯ ಮುಂದೆ ಜನ ಕೈ ಕಾಯಿಸಿಕೊಳ್ಳುತ್ತಿದ್ದಾರೆ. ಒಂದು ಮನೆಯ ಜಗುಲಿಗೆ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ಕಟ್ಟುತ್ತಿದ್ದಾರೆ. ಹುಡುಗನೊಬ್ಬ ಸ್ಟೂಲಿನ ಮೇಲೆ ನಿಂತು ಬಲ್ಬು ತಿರುಗಿಸುತ್ತಿದ್ದಾನೆ. ಹತ್ತಲಿಲ್ಲ. ಕರೆಂಟು ಹೋಗಿದೆ.