ಹನ್ನೆರಡು ನಳಗಳು

‘ಕುಡಿ’ ಎಂಬ ಧಾತುವು ಸಕರ್ಮಕವಾದದ್ದೆಂದು ವ್ಯಾಕರಣದ ಪುಸ್ತಕಗಳು ಕಲಿಸುತ್ತವೆ. ನೀರನ್ನು ಕುಡಿದನು, ಮಜ್ಜಿಗೆಯನ್ನು ಕುಡಿದನು, ಅಂಬಲಿಯನ್ನು ಕುಡಿದನು; ಹೀಗೆ ಕರ್ಮಪದವೊಂದು ಬಂದು ಸೇರುವವರೆಗೆ ಅದರ ಅರ್ಥವು ಅಪೂರ್ಣವೇ ಸರಿ. ಆದರೆ ಧಾರವಾಡ ಜಿಲ್ಹೆಯ ಹಳ್ಳಿಗಳಲ್ಲಿ ಈ ನಿಯಮಕ್ಕೆ ಒಂದು ಅಪವಾದವುಂಟು. ‘ಅಂವ ಕುಡೀತಾನ’ ಎಂದು ಯಾರಾದರೂ ಹೇಳಿದರೆ ‘ಏನನ್ನು?’ ಎಂದು ಕೇಳುವ ಮನುಷ್ಯನು ನವಲಗುಂದದಿಂದ ಕಲಘಟಗಿಯವರೆಗೆ ಹುಡುಕಿದರೂ ಸಿಕ್ಕಲಾರನು. ಈ ಎರಡು ಶಬ್ದಗಳ ಮೇಲೆ ಎಷ್ಟೋ ಲಗ್ನದ ಮಾತುಕತೆಗಳು ಮುರಿದಿರುವವು; ಎಷ್ಟೋ ಹೊಲಗಳು ಕೈ ಬದಲಿಸಿರುವವು. ಕುಡಿದದ್ದು ಯಾವ ಧಾನ್ಯದ ರಸ, ಯಾವ ಗಿಡದ ಹಾಲು, ಅದರ ರುಚಿಯೇನು, ಬಣ್ಣವೇನು ಎಂಬದನ್ನು ಕೇಳುವವನೂ ವಿಚಾರಿಸುವದಿಲ್ಲ, ಕುಡಿಯುವವನೂ ಬಲ್ಲವನಲ್ಲ.

ನವಲಗುಂದ ತಾಲೂಕಿನ ಒಂದು ಊರಿನಲ್ಲಿ ಇದೇ ವ್ಯಾಕರಣವನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿಗೆ ಈ ಅಪವಾದವು ಬಾಲ್ಯದಿಂದಲೇ ಗೊತ್ತು. ಅವರು ಹುಟ್ಟಿದ್ದು 1950ರಲ್ಲಿ. ಅದೇ ವರ್ಷದ ಎಪ್ರಿಲ್ 6ರಿಂದ ಮುಂಬಯಿ ರಾಜ್ಯದಲ್ಲೆಲ್ಲ ಸಂಪೂರ್ಣ ಪಾನನಿಷೇಧವು ಜಾರಿಗೆ ಬಂದಿತು. ಧಾರವಾಡ ಜಿಲ್ಹೆಯು ಆಗ ಆ ರಾಜ್ಯಕ್ಕೆ ಸೇರಿದ್ದಿತು. 1956ರಲ್ಲಿ ಜಿಲ್ಹೆಯು ಮೈಸೂರು ರಾಜ್ಯದಲ್ಲಿ ಕೂಡಿದ ಮೇಲೂ ಇತ್ತ ಕಡೆ ನಿಷೇಧವು ನಡೆದೇ ಇದ್ದು, 1967ರಲ್ಲಿ ಎತ್ತಲ್ಪಟ್ಟಿತು. ಈ ನಡುವಿನ ವರ್ಷಗಳಲ್ಲಿ ಮಾಸ್ತರರ ತಂದೆಯು ಕುಡಿಯದೆ ಮಲಗಿದ ರಾತ್ರಿಯು ಮಗನ ನೆನಪಿನಲ್ಲಿ ಒಂದೂ ಇಲ್ಲ. ಹಳ್ಳದ ದಂಡೆಯ ಜಾಲಿಯ ಮರೆಯಲ್ಲಿ, ಕೊಳೆತ ಬೆಲ್ಲಕ್ಕೆ ನವಸಾಗರವನ್ನು ಹಾಕಿ ಇಳಿಸಿದ ಕಳ್ಳಭಟ್ಟಿಯ ಸಾರಾಯಿ; ಅದನ್ನು ನಿಂತ ನಿಲುವಿನಲ್ಲಿ, ಮೂಗು ಹಿಡಿದು, ಒಂದೇ ಉಸಿರಿಗೆ ಗಂಟಲಿಗೆ ಸುರಿದುಕೊಳ್ಳುವದು; ಬಳಿಕ ಬಾಯಿಯನ್ನು ಒರಸಿಕೊಂಡು ಯಾರೂ ನೋಡಲಿಲ್ಲವೆಂಬ ಭ್ರಾಂತಿಯಿಂದ ಮನೆಗೆ ಬರುವದು. ನಾಲ್ಕೆಕರೆ ಎರೆಭೂಮಿಯಲ್ಲಿ ಎರಡೆಕರೆ ಹೀಗೆಯೇ ಹೋಯಿತು. ತಂದೆಯು ತೀರಿದ ದಿನ ಮಗನು ತಾನು ಎಂದೂ ಅದನ್ನು ಮುಟ್ಟೆನೆಂದು ತಾಯಿಗೆ ಮಾತು ಕೊಟ್ಟನು. ಮುಂದೆ ಪಾಕೀಟಿನ ಸಾರಾಯಿಯು ಊರೂರಿಗೂ ಬಂದಿತು. 2007ರ ಜುಲೈ 1ರಿಂದ ಸರಕಾರವು ಅದನ್ನು ನಿಲ್ಲಿಸಿತು. ಅದರ ಸ್ಥಳದಲ್ಲಿ ಅಗ್ಗದ ವಿಸ್ಕಿಯು ಕುಳಿತಿತು. ಮಾಸ್ತರರ ಮಾತು ಮಾತ್ರ ಕೊಟ್ಟಲ್ಲಿಯೇ ನಿಂತಿತು.

ಇಂಥವರ ಮೊಮ್ಮಗಳು ಧಾರವಾಡದಲ್ಲಿ ಸೂಕ್ಷ್ಮಜೀವಶಾಸ್ತ್ರವನ್ನು ಓದಿ, ಬೆಂಗಳೂರಲ್ಲಿ ‘ಆಹಾರದ ಕಂಪನಿ’ಯೊಂದರಲ್ಲಿ ನೌಕರಿ ಹಿಡಿದಳು. ಮನೆಯವರೂ ಬೀಗರೂ ಅಷ್ಟರಿಂದ ತೃಪ್ತರಾಗಿದ್ದರು. 2024ರ ಬೇಸಗೆಯಲ್ಲಿ ಕಣ್ಣಿನ ಚಿಕಿತ್ಸೆಗೆಂದು ಅಜ್ಜನು ಬೆಂಗಳೂರಿಗೆ ಹೋದಾಗ, ಒಂದು ಸಂಜೆ ಅವಳೇ ಬಾಯಿ ಬಿಟ್ಟು ಹೇಳಿದಳು: “ಅಜ್ಜಾ, ನಾ ಮಾಡೂದು ಬಿಯರ್ ರಿ. ನೀವ ಒಮ್ಮೆ ಬಂದು ನೋಡ್ರಿ. ಆಮ್ಯಾಲೆ ಬೈರಿ.” ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು. ನೋಡದೆ ಬೈಯುವದು ಶಾಲೆಯಲ್ಲಿ ಅವರ ಪದ್ಧತಿಯಾಗಿರಲಿಲ್ಲ. ಮರುದಿನ ಧೋತರ, ಟೊಪ್ಪಿಗೆ ಧರಿಸಿ ಹೊರಟರು.

ಬೆಂಗಳೂರಿಗೂ ಬಿಯರಿಗೂ ನಂಟು ಹೊಸದಲ್ಲ. ದಂಡಿನ ಗೋರೆಯ ಸಿಪಾಯಿಗಳಿಗಾಗಿ ಅಲ್ಲಿ ಹತ್ತೊಂಬತ್ತನೆಯ ಶತಕದಲ್ಲಿಯೇ ಕಾರಖಾನೆಗಳು ಎದ್ದಿದ್ದವು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲಂಡದವನು ದಕ್ಷಿಣದ ಐದು ಕಾರಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಕಟ್ಟಿದನು; ದೊಡ್ಡ ಪೀಪಾಯಿಗಳಲ್ಲಿ ತುಂಬಿದ ಬಿಯರು ಎತ್ತಿನ ಬಂಡಿಗಳ ಮೇಲೆ ದಂಡಿನ ಪ್ರದೇಶಗಳಿಗೆ ಹೋಗುತ್ತಿದ್ದಿತು. ಸ್ವಾತಂತ್ರ್ಯದ ಕಾಲಕ್ಕೆ ಅದರ ಆಡಳಿತವು ವಿಠಲ ಮಲ್ಯರ ಕೈಗೆ ಬಂದಿತು. ಅಲ್ಲಿಂದ ಮುಂದೆ ಅರ್ಧ ಶತಕಕ್ಕೂ ಹೆಚ್ಚು ಕಾಲ ಬಿಯರೆಂದರೆ ಸೀಸೆಯೊಳಗಿನ ಒಂದೇ ಬಣ್ಣದ, ಒಂದೇ ರುಚಿಯ ಪದಾರ್ಥವು. ಕುಡಿಯುವ ಸ್ಥಳದಲ್ಲಿಯೇ ಸಣ್ಣ ಪ್ರಮಾಣದಲ್ಲಿ ಕುದಿಸಿ, ಅಲ್ಲಿಯೇ ನಳದಿಂದ ಬಡಿಸುವ ಪದ್ಧತಿಯು ಈ ನಗರಕ್ಕೆ ಬಂದದ್ದು ತೀರ ಈಚೆಗೆ. ಇಂದಿರಾನಗರದಲ್ಲಿ ‘ಟಾಯ್ಟ್’ 2010ರಲ್ಲಿ ಬಾಗಿಲು ತೆರೆಯಿತು; 2011ರಲ್ಲಿ ವಿಠಲ ಮಲ್ಯ ರಸ್ತೆಯಲ್ಲಿ ‘ಬಿಯರ್ ಕ್ಲಬ್’, 2012ರಲ್ಲಿ ಅಮೇರಿಕೆಯ ಮಿಶಿಗನ್ನಿನ ಒಂದು ಸಂಸ್ಥೆಯ ನೆರವಿನಿಂದ ‘ಆರ್ಬರ್’ ಬಂದವು. ಹತ್ತು ವರ್ಷಗಳೊಳಗಾಗಿ ಇಂಥ ಗೃಹಗಳು ಊರ ತುಂಬ ಹರಡಿದವು.

ಮೊಮ್ಮಗಳ ಗೃಹವೂ ಇಂಥವುಗಳಲ್ಲೊಂದು. ಗೋಡೆಗೆ ಹೊಂದಿಸಿದ ಕಟ್ಟಿಗೆಯ ಹಲಗೆಯ ಮೇಲೆ ಸಾಲಾಗಿ ಹನ್ನೆರಡು ನಳಗಳು. ಯಾವ ಊರಿನಲ್ಲಿ ನಳಕ್ಕೆ ನೀರು ಬರುವ ದಿನಕ್ಕಿಂತ ಬಾರದ ದಿನಗಳೇ ಹೆಚ್ಚೋ, ಕೊಡಗಳ ಸಾಲನ್ನು ನೋಡಿಯೇ ವಾರವನ್ನು ಎಣಿಸುವರೋ, ಅಂಥ ಕಡೆಯಿಂದ ಬಂದವರಿಗೆ ತಿರುಗಿಸಿದೊಡನೆ ಸುರಿಯುವ ಹನ್ನೆರಡು ನಳಗಳು ಒಂದೇ ಕಡೆ ಕಂಡರೆ ಮೊದಲು ಬರುವ ಭಾವನೆಯು ನೀತಿಯದಲ್ಲ, ಹೊಟ್ಟೆಕಿಚ್ಚಿನದು. ಮಾಸ್ತರರಿಗೂ ಹಾಗೆಯೇ ಆಯಿತು. ಬಳಿಕ ಅವರು ಸುತ್ತ ನೋಡಿದರು. ಅವರಿಗೆ ಆಶ್ಚರ್ಯವಾದದ್ದು ಒಂದೇ: ಯಾರೂ ನಿಂತಿರಲಿಲ್ಲ, ಯಾರೂ ಅವಸರ ಮಾಡುತ್ತಿರಲಿಲ್ಲ. ಗಂಡಸರು, ಹೆಂಗಸರು ಕುಳಿತು ಮಾತಾಡುತ್ತಿದ್ದರು. ಎದುರಿನ ಲೋಟವು ಅರ್ಧ ಗಂಟೆಯಾದರೂ ಅರ್ಧವೇ ಉಳಿದಿದ್ದಿತು. ಒಬ್ಬ ತರುಣನು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಆಮೇಲೆ ಗುಟುಕರಿಸಿದನು. ಮೂಗು ಹಿಡಿದು ಕುಡಿಯುವವರನ್ನಷ್ಟೇ ಕಂಡ ಕಣ್ಣಿಗೆ ಮೂಗಿನಿಂದ ಕುಡಿಯುವವನು ಹೊಸಬನೇ.

ಮೊಮ್ಮಗಳು ಸಣ್ಣ ಸಣ್ಣ ಬಟ್ಟಲುಗಳಲ್ಲಿ ನಾಲ್ಕಾರು ಬಗೆಗಳನ್ನು ತಂದು ಮುಂದಿರಿಸಿ, “ಕುಡಿಯಬ್ಯಾಡ್ರಿ, ಬರೇ ವಾಸನಿ ನೋಡ್ರಿ” ಎಂದಳು. ಮೊದಲನೆಯದು ಗೋದಿಯದು, ಮಸುಕಾದ ಹಳದಿ ಬಣ್ಣ. ಅದರಲ್ಲಿ ಸ್ಪಷ್ಟವಾಗಿ ಬಾಳೆಹಣ್ಣಿನ ಮತ್ತು ಲವಂಗದ ಪರಿಮಳ. “ಬಾಳಿಹಣ್ಣ ಹಾಕೀಯೇನವ್ವಾ?” ಎಂದು ಮಾಸ್ತರರು ಕೇಳಿದರು. ಹಣ್ಣೂ ಇಲ್ಲ, ಲವಂಗವೂ ಇಲ್ಲ. ಅದು ಯೀಸ್ಟಿನ ಗುಣ. “ಮನ್ಯಾಗ ಹೆಪ್ಪು ಬದಲಾದರ ಮೊಸರಿನ ರುಚಿ ಬದಲಾಗೂದಿಲ್ಲೇನ್ರಿ, ಹಂಗ” ಎಂದು ಅವಳು ಬಿಡಿಸಿ ಹೇಳಿದಳು. ಎರಡನೆಯದರಲ್ಲಿ ಕೊತ್ತಂಬರಿ ಬೀಜ, ಕಿತ್ತಳೆಯ ಸಿಪ್ಪೆ. ಇದು ಬೆಲ್ಜಿಯಮಿನ ಪದ್ಧತಿ. ಮೂರನೆಯದು ಕಾಡಿಗೆಯಷ್ಟು ಕಪ್ಪು, ಹುರಿದ ಬಾರ್ಲಿಯ ದೆಸೆಯಿಂದ ಕಾಫಿಯ ವಾಸನೆ. ನಾಲ್ಕನೆಯದು ಕಹಿ, ಹೆಸರು ‘ಇಂಡಿಯಾ ಪೇಲ್ ಏಲ್’. ಇಂಗ್ಲಂಡಿನಿಂದ ಹಡಗಿನ ಮೇಲೆ ಇಲ್ಲಿಯ ಬಿಳಿಯರಿಗಾಗಿ ಬರುತ್ತಿದ್ದ ಬಿಯರಿನ ಸಂತತಿಯಿದು. ಈ ದೇಶದ ಹೆಸರನ್ನು ಹೊತ್ತಿದ್ದರೂ ಅದರ ಹಾಪ್ ಹೂವು ಬರುವದು ಜರ್ಮನಿ, ಅಮೇರಿಕೆಗಳಿಂದ. ದೇಶದ ಪಾಲಿಗೆ ಹೆಸರು, ಪರದೇಶದ ಪಾಲಿಗೆ ಹಣ. ಇದು ಬಿಯರಿನೊಂದರದೇ ಕಥೆಯಲ್ಲವಷ್ಟೆ.

ಆದರೆ ಮಾಸ್ತರರ ಮನಸ್ಸು ತಿರುಗಿದ್ದು ಇಲ್ಲಿ ಅಲ್ಲ, ಹಿಂದಿನ ಕೋಣೆಯಲ್ಲಿ. ಅಲ್ಲಿ ಆಳೆತ್ತರದ ಉಕ್ಕಿನ ಹಂಡೆಗಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಸುಮಾರು 65 ಅಂಶ ಉಷ್ಣತೆಯ ನೀರಿನಲ್ಲಿ ನೆನೆಯಿಟ್ಟರೆ ಹಿಟ್ಟಿನ ಅಂಶವು ಸಕ್ಕರೆಯಾಗುವದು. ಆ ರಸವನ್ನು ಸೋಸಿ, ಹಾಪ್ ಹಾಕಿ ಒಂದು ತಾಸು ಕುದಿಸಿ, ಆರಿಸಿ, ಯೀಸ್ಟ್ ಬಿಡುವದು. ಕುದಿಸುವ ಮೊದಲಿನ ಆ ಸಿಹಿ ರಸದಲ್ಲಿ ಮದ್ಯವಿನ್ನೂ ಹುಟ್ಟಿರುವದಿಲ್ಲ. ಅದನ್ನು ಒಂದು ಲೋಟ ಕೊಟ್ಟಾಗ ಮಾಸ್ತರರು ಅನುಮಾನಿಸಿ, ವಿಚಾರಿಸಿ, ಕುಡಿದರು. ಸೀತನಿಯ ನೆನಪಾಯಿತು: ಹಾಲುಗಾಳಿನ ಜೋಳದ ತೆನೆಯನ್ನು ಹೊಲದ ಬದುವಿನ ಮೇಲೆ ಸುಟ್ಟು ಉಜ್ಜಿ ತಿನ್ನುವಾಗಿನ ಸಿಹಿ.

ಹುದುಗುವ ಹಂಡೆಗಳ ಹತ್ತಿರ ಗೋಡೆಗೆ ಒಂದು ಸಣ್ಣ ಯಂತ್ರವನ್ನು ತೂಗಿಸಿದ್ದರು. ಅದೇನೆಂದು ಕೇಳಲಾಗಿ, ಹುದುಗುವಾಗ ಇಂಗಾಲದ ಡೈಆಕ್ಸೈಡು ಹೊರಡುವದೆಂದೂ, ಅದು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ತುಂಬಿಕೊಳ್ಳುವದೆಂದೂ, ತಿಳಿಯದೆ ಹಂಡೆಯೊಳಗೆ ಇಳಿದವನು ಕೂಗುವ ಮೊದಲೇ ಬೀಳುವನೆಂದೂ, ಅದಕ್ಕಾಗಿಯೇ ಈ ಗಂಟೆಯೆಂದೂ ಅವಳು ಹೇಳಿದಳು. ಮಾಸ್ತರರು ಥಟ್ಟನೆ, “ಹಗೇವಿನ ಝಳ!” ಎಂದರು. ವಾಚಕರಲ್ಲಿ ಹಿರಿಯರು ಹಗೇವನ್ನು ಬಲ್ಲರು. ನೆಲದೊಳಗೆ ತೋಡಿ ಜೋಳವನ್ನು ತುಂಬಿ ಬಾಯಿ ಮುಚ್ಚಿದ ಕಣಜವದು. ತೇವ ತಾಕಿದ ಕಾಳು ಒಳಗೇ ಕಾವೇರಿ ಹುಳಿತು ಇದೇ ವಾಯುವನ್ನು ಬಿಡುವದು. ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಹಗ್ಗದಿಂದ ಕಂದೀಲನ್ನು ಇಳಿಬಿಟ್ಟು, ದೀಪವು ಉಳಿದರೆ ಮಾತ್ರ ಆಳು ಇಳಿಯಬೇಕು. ಮಾಸ್ತರರ ದೊಡ್ಡಪ್ಪನು ಒಮ್ಮೆ ಕಂದೀಲಿಗಾಗಿ ಕಾಯಲಿಲ್ಲ. ಈ ಸಂಗತಿಯನ್ನು ಅವರು ಮೊಮ್ಮಗಳಿಗೆ ಅಂದೇ ಮೊದಲು ಹೇಳಿದ್ದು. ಕುಡಿತದ ಕಥೆಗಳನ್ನು ಮುಚ್ಚಿಡುವ ಮನೆಯಲ್ಲಿ ಎಷ್ಟೋ ಬೇರೆ ಕಥೆಗಳೂ ಮುಚ್ಚಿಹೋಗುವವು. “ನೀ ಕಂದೀಲ ಬಿಟ್ಟ ಇಳೀತೀಯಿಲ್ಲವ್ವಾ?” ಎಂದು ಅವರು ಎರಡು ಸಾರೆ ಕೇಳಿದರು. ಅವಳು ಯಂತ್ರವನ್ನು ಒತ್ತಿ ಗಂಟೆಯನ್ನು ಬಾರಿಸಿ ತೋರಿಸಿದಳು.

ಹೊರಬಂದು ಹಲಗೆಯ ಮೇಲಿನ ಹೆಸರುಗಳನ್ನು ಮಾಸ್ತರರು ಮತ್ತೊಮ್ಮೆ ಓದಿದರು. ಬಾರ್ಲಿ, ಗೋದಿ, ಅಕ್ಕಿ, ಜೋಳವಿಲ್ಲ. ಏಕೆಂದು ಕೇಳಿದರು. ಆಫ್ರಿಕಾ ಖಂಡದಲ್ಲಿ ಜೋಳದ ಬಿಯರು ಪುರಾತನವಾದದ್ದು. ದಕ್ಷಿಣ ಆಫ್ರಿಕೆಯಲ್ಲಿ ಜೋಳ, ಮೆಕ್ಕೆಜೋಳಗಳಿಂದ ಮಾಡುವ ಉಮ್‌ಕೊಂಬೋತಿಯನ್ನು ಹೆಂಗಸರೇ ಕುದಿಸಿ, ಪಿತೃಗಳಿಗೆ ಅರ್ಪಿಸಿ, ಒಂದೇ ಪಾತ್ರೆಯಿಂದ ಸರದಿಯಂತೆ ಕುಡಿಯುವರು. ನೈಜೀರಿಯಾ ಸರಕಾರವು 1988ರಲ್ಲಿ ಬಾರ್ಲಿಯ ಆಮದನ್ನು ನಿಲ್ಲಿಸಿದಾಗ ಅಲ್ಲಿಯ ದೊಡ್ಡ ಕಾರಖಾನೆಗಳೇ ಜೋಳಕ್ಕೆ ತಿರುಗಬೇಕಾಯಿತು. ಕೆಲಸವೇನೋ ಕಠಿಣ: ಜೋಳದ ಹಿಟ್ಟು ಬೇಯಲು ಹೆಚ್ಚು ಕಾವು ಬೇಕು, ಬಾರ್ಲಿಯಂತೆ ಹೊಟ್ಟು ಇಲ್ಲದ್ದರಿಂದ ಸೋಸುವದು ತೊಡಕು. ಆದರೂ ತಾನೊಮ್ಮೆ ಐವತ್ತು ಲೀಟರಿನಷ್ಟು ಮಾಡಿ ನೋಡಬೇಕೆಂದಿರುವದಾಗಿ ಮೊಮ್ಮಗಳು ಹೇಳಿ, ತುಸು ತಡೆದು, “ನಮ್ಮ ಹೊಲದ್ದು ಅರ್ಧ ಚೀಲ ಜ್ವಾಳ ಕಳಸ್ತೀರೇನ್ರಿ ಅಜ್ಜಾ?” ಎಂದಳು.

ಮಾಸ್ತರರು ಉತ್ತರ ಕೊಡಲಿಲ್ಲ. ಉಳಿದ ಎರಡೆಕರೆಯ ಹಿಂಗಾರಿ ಜೋಳವದು. ಕುಡಿತವು ನುಂಗದೆ ಬಿಟ್ಟ ಭೂಮಿಯ ಕಾಳನ್ನು ಕುಡಿಯುವದಕ್ಕಾಗಿ ಕೊಡುವದೆಂದರೆ ಸಣ್ಣ ಮಾತಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನವರ ಬಿಲ್ಲು ಬಂದಿತು. ಮಾಸ್ತರರ ದೃಷ್ಟಿಯು, ಶಸ್ತ್ರಕ್ರಿಯೆಯಾದ ಹೊಸ ಕಣ್ಣಲ್ಲವೆ, ಅದರ ಮೇಲೆ ಬಿದ್ದಿತು. ಒಂದು ಲೋಟಕ್ಕೆ ತೆರಿಗೆ ಸೇರಿ ನಾಲ್ಕುನೂರು ರೂಪಾಯಿಯ ಮೇಲೆ. ಆ ವರ್ಷ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ್ದ ದಿನಗೂಲಿಯು 349 ರೂಪಾಯಿ. ಸಾವಕಾಶವಾಗಿ ಕುಳಿತು, ಬೆಳಕಿಗೆ ಹಿಡಿದು, ಮೂಸಿ ಕುಡಿಯುವ ಮರ್ಯಾದೆಗೆ ಈ ಬೆಲೆಯುಂಟು. ಕೂಲಿಯವನ ಪಾಲಿಗೆ ನಿಂತು ಸುರಿದುಕೊಳ್ಳುವದೇ ಗತಿಯು. ತಂದೆಗೆ ಇಂಥ ಖುರ್ಚಿಯೂ ಇಂಥ ಬೆಳಕೂ ದೊರೆತಿದ್ದರೆ ಅವನು ಕಡಿಮೆ ಕುಡಿಯುತ್ತಿದ್ದನೆ? ಹಾಗೆ ನಂಬುವದು ಸುಲಭ, ಆದರೆ ಸಂಭಾವಿತರ ಮನೆಗಳೂ ಕುಳಿತು ಕುಡಿದೇ ಹಾಳಾದದ್ದುಂಟು. ಕುಡಿದವನ ಕೈಯಲ್ಲಿ ಒಂದು ಹೆಸರಾದರೂ ಇರುತ್ತಿದ್ದಿತು ಎನ್ನಬಹುದು, ಅಷ್ಟೇ.

ಊರಿಗೆ ಮರಳಿದ ಮೇಲೆ ಶ್ರಾವಣದಲ್ಲಿ ಅಣ್ಣಿಗೇರಿಯ ಕಡೆಯವರು ಹೆಣ್ಣು ಕೇಳಲು ಬಂದರು. ಮನೆತನ ಒಳ್ಳೆಯದು, ಹುಡುಗನು ಇಂಜಿನಿಯರು. ಪಡಸಾಲೆಯಲ್ಲಿ ನವಲಗುಂದದ ಜಮಖಾನೆಯನ್ನು ಹಾಸಿದ್ದಿತು. ಅವಲಕ್ಕಿ, ಚಹಾ ಆದವು. ಹುಡುಗನ ಸೋದರಮಾವನು, “ಹುಡುಗಿ ಬೆಂಗಳೂರಾಗ ಏನ್ ಕೆಲಸ ಮಾಡತಾಳ್ರಿ, ಮಾಸ್ತರ್?” ಎಂದು ಕೇಳಿದನು. ಮಗನು ‘ಆಹಾರದ ಕಂಪನಿ’ ಎನ್ನಲು ಬಾಯಿ ತೆರೆಯುವದರೊಳಗೆ ಮಾಸ್ತರರು, “ಬಿಯರ್ ಮಾಡತಾಳ್ರಿ. ಬಾರ್ಲೀದು, ಗೋದೀದು, ಅಕ್ಕೀದು. ಹನ್ನೆರಡು ನಮೂನಿ” ಎಂದರು. ಸೊಸೆಯ ಕೈಯೊಳಗಿನ ಬಟ್ಟಲು ನಿಂತಲ್ಲಿಯೇ ನಿಂತಿತು. ಬಂದವರಲ್ಲಿ ಹಿರಿಯಳಾದ ಒಬ್ಬ ಮುದುಕಿಯು, “ಆಕಿ ಕುಡೀತಾಳೇನ್ರಿ?” ಎಂದು ಮೆಲ್ಲಗೆ ಕೇಳಿದಳು. “ಮಾಡಿದಾಕಿ ರುಚಿ ನೋಡಬೇಕಾಗತೈತ್ರಿ ಅವ್ವಾ, ಅಡಿಗಿ ಮಾಡಿದಾಕಿ ನೋಡಿದಂಗ” ಎಂದರು ಮಾಸ್ತರರು.

ಬಂದವರು ಎಲೆ-ಅಡಿಕೆ ತೆಗೆದುಕೊಂಡು, ವಿಚಾರ ಮಾಡಿ ತಿಳಿಸುವೆವೆಂದು ಹೇಳಿ ಎದ್ದರು. ಅವರ ಮೋಟಾರು ಅಗಸಿಯನ್ನು ದಾಟುವವರೆಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮಗನು ಸಿಟ್ಟಿನಿಂದ ಹಿತ್ತಲಿಗೆ ಹೋದನು. ಮಾಸ್ತರರು ಒಳಗೆ ಹೋಗಿ ಅರ್ಧ ಚೀಲ ಜೋಳವನ್ನು ಅಳೆದು, ಹಾಳು ಕಾಳನ್ನೆಲ್ಲ ಆರಿಸಿ ತೆಗೆದು, ಚೀಲವನ್ನು ಪಡಸಾಲೆಗೆ ಎಳೆದು ತಂದರು. ಆಮೇಲೆ ಸೊಸೆಯನ್ನು ಕೂಗಿ, ಬಾಯಿ ಹೊಲಿಯಲು ದಬ್ಬಣವನ್ನೂ ಸುತಳಿಯನ್ನೂ ಕೇಳಿದರು.