102 ನೆನಪಿತ್ತು, 504 ಗೊತ್ತಿರಲಿಲ್ಲ

ಅಜ್ಜಂಪುರದಲ್ಲಿ ರೈಲು ಹತ್ತಿದರೆ ದಾವಣಗೆರೆ ದೂರವೇನಲ್ಲ. ಹಾಗಾಗಿ 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಅವರನ್ನು ಕಡೂರು, ತರೀಕೆರೆ ಕಡೆಯ ನಾವೂ 'ನಮ್ಮ ಹುಡುಗ' ಅಂತಲೇ ಹೇಳಿಕೊಂಡು ತಿರುಗಿದವರು.

2013ರ ನವೆಂಬರ್ 2, ದೀಪಾವಳಿ ಹೊತ್ತು. ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಏಕದಿನ ಪಂದ್ಯ. ರೋಹಿತ್ ಶರ್ಮಾ 209 ಹೊಡೆದರು, ಭಾರತ ಗೆದ್ದಿತು. ಆದರೆ ವಿನಯ್ 9 ಓವರ್‌ಗೆ 102 ರನ್ ಕೊಟ್ಟರು. ಮಧ್ಯಾಹ್ನ 'ನಮ್ಮ ಹುಡುಗ' ಅಂದಿದ್ದ ನಾವೇ ರಾತ್ರಿ ಅವರ ಮೇಲಿನ ಜೋಕುಗಳನ್ನು ಮೊಬೈಲ್‌ನಿಂದ ಮೊಬೈಲ್‌ಗೆ ಕಳಿಸಿದೆವು. ಭಾರತದ ಪರ ಅವರಿಗೆ ಅದೇ ಕೊನೆಯ ಪಂದ್ಯವಾಯಿತು.

ಅವರು ಮಾತ್ರ ಚೆಂಡು ಕೆಳಗಿಡಲಿಲ್ಲ. ಅದೇ ಋತುವಿನಲ್ಲಿ, ಮರುವರ್ಷವೂ, ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 2017ರ ಡಿಸೆಂಬರ್‌ನಲ್ಲಿ, 33ನೇ ವಯಸ್ಸಿನಲ್ಲಿ, ನಾಗಪುರದಲ್ಲಿ ಮುಂಬೈ ಮೇಲೆ ಹ್ಯಾಟ್ರಿಕ್ ಪಡೆದರು. ಆ ಸುದ್ದಿಯನ್ನು ನಾವು ಯಾರಿಗೂ ಕಳಿಸಿದ ನೆನಪಿಲ್ಲ.

2019ರಲ್ಲಿ ಅವರು ಪುದುಚೇರಿ ತಂಡ ಸೇರಿದರು. ನಾವು ಸ್ಕೋರ್ ನೋಡುವುದನ್ನೂ ಬಿಟ್ಟೆವು. 2021ರ ಫೆಬ್ರುವರಿಯಲ್ಲಿ ಕಡೂರಿನ ಟೀ ಅಂಗಡಿಯಲ್ಲಿ ಪೇಪರ್ ಬಿಡಿಸಿದಾಗ ನಿವೃತ್ತಿಯ ಸುದ್ದಿ ಕಂಡಿತು: ಪ್ರಥಮ ದರ್ಜೆಯಲ್ಲಿ 504 ವಿಕೆಟ್. ಸುದ್ದಿ ಬರೆದೇ ಹೊಟ್ಟೆ ಹೊರೆಯುವ ನಮಗೆ 102 ಬಾಯಿಪಾಠವಾಗಿತ್ತು, 504 ಗೊತ್ತೇ ಇರಲಿಲ್ಲ. ಟೀ ಆರಿಹೋಯಿತು.

ಈಗ ಊರಿನ ಟೆನಿಸ್ ಬಾಲ್ ಟೂರ್ನಿಯಲ್ಲಿ ವಯಸ್ಸಾದ ಬೌಲರ್ ಸಿಕ್ಸರ್ ಹೊಡೆಸಿಕೊಂಡರೆ, ಕೂಗೋಕೆ ಬಾಯಿ ತೆರೆದವರು ಸ್ವಲ್ಪ ತಡೆಯುತ್ತೇವೆ. ನಿಮ್ಮೂರಲ್ಲೂ ಅಂಥವರೊಬ್ಬರು ಇರಬಹುದು. ಅವರು ತೆಗೆದ ವಿಕೆಟ್ ಎಷ್ಟು ಅಂತ ಒಮ್ಮೆ ಕೇಳಿ ನೋಡಿ.